ಎಫ್ ಕೀ ಕೆಲಸ ಮಾಡುವುದಿಲ್ಲ

1 ಅಕ್ಟೋಬರ್ 2025, ಬುಧವಾರ

ಆಯುಧಪೂಜೆ. ಅತ್ತೆ ಹೊಸ ಲ್ಯಾಪ್‌ಟಾಪಿಗೂ ಹಳೆಯದಕ್ಕೂ ಕುಂಕುಮವಿಟ್ಟು ಸೇವಂತಿಗೆ ಏರಿಸಿದರು. ಪ್ರಿಂಟರಿಗಾಯಿತು, ಇವರ ಸ್ಕೂಟರಿಗಾಯಿತು. ಹೊಸದರ ಕೀಬೋರ್ಡ್ ಮೇಲೆ ಅಕ್ಷತೆ ಬೇಡ ಅಂದೆ. "ಹಳೇದರ ಮೇಲೆ ಹಾಕಬಹುದಾ ಹಾಗಾದ್ರೆ?" ಎಂದರು. ಅದನ್ನ ಮಾರಿಬಿಡ್ತೀನಿ ಅತ್ತೆ ಅಂತ ಬಾಯಿಗೆ ಬಂದೇಬಿಟ್ಟಿತು. ಮಂಗಳಾರತಿ ಇನ್ನೂ ಆರಿಲ್ಲ, ಮಾರೋ ಮಾತಾಡ್ತೀಯಲ್ಲೇ ಅಂತ ಬೈಸಿಕೊಂಡೆ.

ಬೈದರೂ ಮಾರುವುದು ಮಾರುವುದೇ. ಈ ತಿಂಗಳ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಅಪ್‌ಡೇಟ್ ನಿಲ್ಲುತ್ತದೆ. 11 ಹಾಕೋಣವೆಂದರೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಅದರಿಂದೀಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು. ನನ್ನದು 2014ರಲ್ಲಿ 38,000 ಕೊಟ್ಟು ಎಸ್.ಪಿ. ರೋಡಿನಿಂದ ತಂದ ನಾಲ್ಕನೇ ಪೀಳಿಗೆಯ ಐ5. ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆ ಕಾರ್ಡು, ಯಾರ್ಯಾರದೋ ಅಭಿನಂದನ ಗ್ರಂಥ ಎಲ್ಲ ಅದರಲ್ಲೇ ಪುಟ ಕಟ್ಟಿದ್ದು. ಕಪಾಟಿನಲ್ಲಿಟ್ಟರೆ ಬ್ಯಾಟರಿಗೂ ಕೇಡು, ಕಪಾಟಿಗೂ ಕೇಡು.

4 ಅಕ್ಟೋಬರ್, ಶನಿವಾರ

ಏನೇನು ಹಾಳಾಗಿದೆ ಅಂತ ಮೊದಲು ನನಗೇ ಗೊತ್ತಿರಲಿ ಎಂದು ಕಾಗದ ಪೆನ್ನು ಹಿಡಿದು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡದ್ದು ಮಧ್ಯಾಹ್ನ ನುಂಗಿತು.

ಎಡಗಡೆಯ ಹಿಂಜ್. ಹಿಂಜ್ ಲೋಹದ್ದು, ಅದಕ್ಕೇನೂ ಆಗಿಲ್ಲ. ಅದರ ಸ್ಕ್ರೂಗಳು ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ ಒಡೆದು ಕಿತ್ತು ಬಂದಿದೆ. ಹಿಂಜ್ ಬಿಗಿಯಾದಷ್ಟೂ ಎಳೆತವೆಲ್ಲ ಆ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಮಗ ಎಂ-ಸೀಲ್ ಮೆತ್ತಿದ್ದಾನೆ. ಮೇಜಿನ ಮೇಲೆ ಒಮ್ಮೆ ತೆರೆದಿಟ್ಟರೆ ಸಂಜೆಯವರೆಗೆ ನಿಲ್ಲುತ್ತದೆ. ದಿನಾ ಮುಚ್ಚಿ ತೆರೆದು ಚೀಲದಲ್ಲಿ ಹೊತ್ತರೆ ತಿಂಗಳು ಬಾಳದು.

ಬ್ಯಾಟರಿ. ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ. ಹೊಸದಾಗಿದ್ದಾಗ 41,440 ಮಿಲಿವ್ಯಾಟ್ ಅವರ್, ಈಗ ಪೂರ್ತಿ ಚಾರ್ಜಾದರೂ 9,000 ಚಿಲ್ಲರೆ. ಕರೆಂಟು ಹೋದರೆ ಫೈಲು ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ವರ್ಷಗಟ್ಟಲೆ ಚಾರ್ಜರ್ ಚುಚ್ಚಿಟ್ಟೇ ಕೆಲಸ ಮಾಡಿದ್ದು. ಲಿಥಿಯಂ ಬ್ಯಾಟರಿಯನ್ನು ಯಾವಾಗಲೂ ನೂರಕ್ಕೆ ನೂರು ತುಂಬಿಸಿ, ಜೊತೆಗೆ ಬಿಸಿಯಲ್ಲಿಟ್ಟರೆ ಬೇಗ ಮುಪ್ಪಾಗುತ್ತದೆ. ಉಬ್ಬಿಲ್ಲ, ಅದೊಂದು ಪುಣ್ಯ.

ಪರದೆಯ ಬಲಗಡೆ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ. ಎಚ್‌ಡಿಎಂಐ ಹಾಕಿ ಟಿವಿಗೆ ಜೋಡಿಸಿ ನೋಡಿದೆ, ಅಲ್ಲಿ ಗೆರೆಯಿಲ್ಲ. ಅಂದರೆ ಕೆಟ್ಟಿರುವುದು ಪರದೆ, ಮದರ್‌ಬೋರ್ಡ್ ಸರಿಯಾಗಿದೆ. ಕೊಳ್ಳುವವರಿಗೆ ಇದು ಮುಖ್ಯ. ಯುಎಸ್‌ಬಿ ಮೂರರಲ್ಲಿ ಒಂದು ಸತ್ತಿದೆ. ಡಿವಿಡಿ ಟ್ರೇ ಬಾಯಿ ಬಿಡುವುದಿಲ್ಲ, ಬಿಡು ಎಂದವರೂ ಈಚೆಗೆ ಯಾರಿಲ್ಲ. ಒಳಗಿನ ಬಿಲ್ಲೆ ಸೆಲ್ ಹೋಗಿದೆ, ಚಾರ್ಜರ್ ತೆಗೆದಿಟ್ಟರೆ ತಾರೀಖು 2013ಕ್ಕೆ ಓಡುತ್ತದೆ. ಫ್ಯಾನು ಸೆಖೆಗಾಲದಲ್ಲಿ ಗೊರಕೆ ಹೊಡೆಯುತ್ತದೆ.

ಆಮೇಲೆ ಎಫ್ ಕೀ. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ, ಅಂದರೆ ನಾವು ನುಡಿ ತಂತ್ರಾಂಶದಲ್ಲಿ ಕುಟ್ಟುವುದರಲ್ಲಿ, ಒತ್ತಕ್ಷರಕ್ಕೆಲ್ಲ ಎಫ್ ಬೇಕು. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷ್ ಬರೆಯುವವರ ಕೀಬೋರ್ಡಿನಲ್ಲಿ ಎಫ್ ಇಷ್ಟು ಸವೆಯುವುದಿಲ್ಲ. ನನ್ನದರಲ್ಲಿ ಮೊದಲು ಅದರ ಮೇಲಿನ ಅಕ್ಷರ ಅಳಿಸಿತು, ಆಮೇಲೆ ಎರಡು ಸಲ ಒತ್ತಿದರೆ ಒಂದು ಸಲ ಬೀಳತೊಡಗಿತು, ಹೋದ ವರ್ಷ ಪೂರ್ತಿ ನಿಂತಿತು. ಇವತ್ತು ಪರೀಕ್ಷೆಗೆಂದು ಊರುಗಳ ಹೆಸರು ಕುಟ್ಟಿದೆ. ಬೆಂಗಳೂರು ಬಂತು, ಜಯನಗರ ಬಂತು, ಬನಶಂಕರಿಯೂ ಬಂತು. ಪದ್ಮನಾಭನಗರ ಬರಲಿಲ್ಲ. ಕನ್ನಡ 'ಕನನಡ' ಆಯಿತು.

ಚೆನ್ನಾಗಿರುವುದನ್ನೂ ಬರೆದೆ: 2020ರ ಲಾಕ್‌ಡೌನಿನಲ್ಲಿ ಹಾಕಿಸಿದ 240 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಮೂಲ ಚಾರ್ಜರ್, ಜಿಎಸ್‌ಟಿ ಬರುವ ಮೊದಲಿನ ವ್ಯಾಟ್ ಬಿಲ್ಲು.

6 ಅಕ್ಟೋಬರ್, ಸೋಮವಾರ

ಜಾಹೀರಾತು ಹಾಕಿದೆ. 9,000. ದೋಷಗಳನ್ನೆಲ್ಲ ಒಂದೂ ಬಿಡದೆ ಬರೆದೆ, ಗೆರೆಯ ಫೋಟೋ, ಎಂ-ಸೀಲಿನ ಫೋಟೋ ಸಮೇತ. ಮಗ ನೋಡಿ, "ಅಮ್ಮ, ಇದು ಮಾರೋ ಜಾಹೀರಾತೋ ಪೋಸ್ಟ್‌ಮಾರ್ಟಂ ವರದಿಯೋ?" ಎಂದ.

ಬೇರೆಯವರು ಹೇಗೆ ಬರೆಯುತ್ತಾರೆ ಅಂತ ಒಂದಷ್ಟು ನೋಡಿದೆ. ಎಲ್ಲವೂ 'ನೀಟ್ ಕಂಡೀಷನ್', ಎಲ್ಲವೂ 'ಸಿಂಗಲ್ ಓನರ್'. ಜೆ.ಪಿ. ನಗರದ ಒಬ್ಬರು 'ಲೇಡಿ ಯೂಸ್ಡ್' ಎಂದು ಹಾಕಿದ್ದಾರೆ. ಹೆಂಗಸರು ಮೆಲ್ಲಗೆ ಟೈಪ್ ಮಾಡುತ್ತಾರೆಂದು ಇವರಿಗೆ ಯಾರು ಹೇಳಿದರೋ! ನನ್ನ ಎಫ್ ಕೀ ತೋರಿಸಬೇಕು.

ಸಂಜೆಯಿಂದ ಮೆಸೇಜುಗಳು. ಹೆಚ್ಚಿನವು ಎರಡೇ ಪದದವು: ಲಾಸ್ಟ್ ಪ್ರೈಸ್? ನೋಡುವ ಮೊದಲೇ ಕೊನೆಯ ಬೆಲೆ. ಒಬ್ಬರು ಮಾತ್ರ ಪೂರ್ತಿ ಓದಿ ಫೋನ್ ಮಾಡಿದರು, ಬಸವೇಶ್ವರನಗರದವರು. ಎಲ್ಲ ವಿಚಾರಿಸಿ ಕೊನೆಗೆ, "ಇಷ್ಟೆಲ್ಲ ನೀವಾಗೇ ಹೇಳ್ತಿದ್ದೀರಿ ಅಂದ್ರೆ, ಹೇಳದೇ ಇರೋದು ಇನ್ನೆಷ್ಟಿರಬೇಡ ಮೇಡಂ?" ಎಂದು ಇಟ್ಟುಬಿಟ್ಟರು. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಏನೂ ಹೇಳದವನ ಮೇಲೆ ಇವರಿಗೆ ಈ ಅನುಮಾನ ಬರುವುದಿಲ್ಲವೆ?

7 ಅಕ್ಟೋಬರ್, ಮಂಗಳವಾರ

ಬಂದೇಬಂದ ಸೈನ್ಯದವನು. ಪೇಪರಿನಲ್ಲಿ ಇಷ್ಟು ಸಲ ಓದಿದ್ದೇನೆ, ನನಗೂ ಬರಬಹುದು ಅಂದುಕೊಂಡಿರಲಿಲ್ಲ. ಹಿಂದಿಯಲ್ಲಿ ಮಾತು. ಯಲಹಂಕಕ್ಕೆ ಪೋಸ್ಟಿಂಗ್ ಆಗಿದೆಯಂತೆ, ಮಗಳ ಓದಿಗೆ ಬೇಕಂತೆ, ಬೆಲೆ ಚೌಕಾಸಿಯೇ ಇಲ್ಲ, ಒಂದು ದೋಷದ ಬಗ್ಗೆಯೂ ಪ್ರಶ್ನೆಯಿಲ್ಲ. ಸಮವಸ್ತ್ರದ ಫೋಟೋ ಇರುವ ಗುರುತಿನ ಚೀಟಿ ಕಳಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್: ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತಿ, 9,000 ನಿಮ್ಮ ಖಾತೆಗೆ ಬರುತ್ತೆ, ನಮ್ಮ ಆರ್ಮಿ ಅಕೌಂಟ್ ಕೆಲಸ ಮಾಡೋದೇ ಹೀಗೆ.

ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮದೇ ದುಡ್ಡು. ಮೊದಲು ಇಂಥವರು 'ಕಲೆಕ್ಟ್ ರಿಕ್ವೆಸ್ಟ್' ಕಳಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಅದನ್ನು ಕಳಿಸುವುದನ್ನು ಈ ತಿಂಗಳ 1ರಿಂದ ಎನ್‌ಪಿಸಿಐ ನಿಲ್ಲಿಸಿದೆ. ಕ್ಯೂಆರ್ ಇನ್ನೂ ಇದೆಯಲ್ಲ. ನಂಬರ್ ಬ್ಲಾಕ್ ಮಾಡಿ 1930ಕ್ಕೆ ಫೋನ್ ಮಾಡಿ ಹೇಳಿದೆ. ದುಡ್ಡು ಹೋಗಿಲ್ಲ ತಾನೆ ಮೇಡಂ ಎಂದರು. ಇಲ್ಲ ಎಂದೆ.

ಒಂದು ಮಾತು ಮಾತ್ರ ತಲೆಯಲ್ಲೇ ಉಳಿಯಿತು. ನನ್ನ ಲ್ಯಾಪ್‌ಟಾಪನ್ನು ಇಲ್ಲಿಯವರೆಗೆ ಚೌಕಾಸಿಯಿಲ್ಲದೆ ಒಪ್ಪಿಕೊಂಡವನು ಕಳ್ಳ ಒಬ್ಬನೇ.

9 ಅಕ್ಟೋಬರ್, ಗುರುವಾರ

ಮೇಲಿನ ಮನೆಯ ವಕೀಲರು ವಾಕಿಂಗ್ ಮುಗಿಸಿ ಗೇಟಿನ ಹತ್ತಿರ ಸಿಕ್ಕಿದರು. ಸಿಟಿ ಸಿವಿಲ್ ಕೋರ್ಟಿನಲ್ಲಿ ಜೀವಮಾನ ಕಳೆದವರು, ಈಗ ಕೇಳುವವರು ಸಿಕ್ಕರೆ ಬಿಡುವುದಿಲ್ಲ. ಬಸವೇಶ್ವರನಗರದವರ ಮಾತು ಹೇಳಿದೆ.

"ಏನಮ್ಮ, ಅಷ್ಟೊಂದು ಯಾಕೆ ಬರೆಯೋಕೆ ಹೋದೆ? ಕುದುರೆ ಕತೆ ಗೊತ್ತಾ?" ಎಂದು ಶುರು ಮಾಡಿದರು. 1872ರ ಕಾಂಟ್ರ್ಯಾಕ್ಟ್ ಆಕ್ಟ್, 17ನೇ ಸೆಕ್ಷನ್, ವಂಚನೆ ಎಂದರೇನು ಅನ್ನುವುದು. ಅದರ ಕೆಳಗೆ ಉದಾಹರಣೆಗಳಿವೆಯಂತೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಕಾಯಿಲೆ ಅಂತ ಅವನಿಗೆ ಗೊತ್ತು. ಬಾಯಿ ಬಿಡುವುದಿಲ್ಲ. ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ? ಆಗ ಅಪ್ಪನಾದವನು ಹೇಳಲೇಬೇಕು. ಕೊಳ್ಳುವವನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಗಟ್ಟಿಯಾಗಿದೆ ಅಂತ ತಿಳ್ಕೋತೀನಿ" ಎಂದು ಬಾಯಿಬಿಟ್ಟು ಕೇಳಿದರೆ? ಆಗ ಮಾರುವವನ ಮೌನವೇ ಮಾತು, ಸುಮ್ಮನಿದ್ದರೂ ಸುಳ್ಳು ಹೇಳಿದಂತೆ.

"ಕೆಟ್ಟಿದ್ದನ್ನ ಮುಚ್ಚೋಕೆ ಬಣ್ಣ ಬಳಿದರೆ ಮೋಸ. ಕೇಳದೇ ಇರೋದನ್ನ ಹೇಳದೇ ಇದ್ದರೆ ಮೋಸ ಅಲ್ಲ. ಕಾನೂನು ನಿನ್ನಷ್ಟು ಕಟ್ಟುನಿಟ್ಟಿಲ್ಲಮ್ಮ," ಎಂದರು.

ಕಾನೂನಿನ ಮಟ್ಟಿಗೆ ಸರಿಯಿರಬಹುದು. ಆದರೆ ಹರಾಜಿನ ಕುದುರೆಯ ಹಲ್ಲು ಹಿಡಿದು ನೋಡಲು ಎಲ್ಲರಿಗೂ ಬರುತ್ತಿತ್ತು. ಲ್ಯಾಪ್‌ಟಾಪಿನ ಹಿಂಜ್ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ನೋಡುವವರು ಯಾರಿದ್ದಾರೆ?

11 ಅಕ್ಟೋಬರ್, ಶನಿವಾರ

ಬನಶಂಕರಿಯಿಂದ ಮೆಟ್ರೋ ಹತ್ತಿ ಮಾರ್ಕೆಟ್‌ನಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆ. ದೀಪಾವಳಿ ಹತ್ತಿರದ ಶನಿವಾರ, ಕಾಲಿಡಲು ಜಾಗವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಒಂದು ಅಂಗಡಿಯವನಿಗೆ ಕೊಟ್ಟೆ. ಅವನು ನಾನು ಬರೆದ ಕಾಗದ ನೋಡಲೇ ಇಲ್ಲ. ಮುಚ್ಚಳ ಎತ್ತಿದ, ಎರಡು ಬೆರಳಿನಿಂದ ಅಲ್ಲಾಡಿಸಿದ, ಆನ್ ಮಾಡಿದ, ತಿರುಗಿಸಿ ಕೆಳಗಿನ ಸ್ಕ್ರೂ ಎಣಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ.

"ಎರಡೂವರೆ."

ಲೆಕ್ಕ ಬಿಡಿಸಿ ಹೇಳು ಎಂದೆ. ಅವನಿಗೆ ಇದು ಲ್ಯಾಪ್‌ಟಾಪೇ ಅಲ್ಲ. ಬೋರ್ಡ್ ಇದೆ, ರ‍್ಯಾಮ್ ಇದೆ, ಎಸ್‌ಎಸ್‌ಡಿ ಇದೆ, ಚಾರ್ಜರ್ ಇದೆ. ಪ್ಯಾನೆಲ್‌ಗೆ ಗೆರೆ, ಬಾಡಿ ಹೋಗಿದೆ, ಬ್ಯಾಟರಿ ಹೋಗಿದೆ, ಮೂರೂ ಸೊನ್ನೆ. ನಾಲ್ಕನೇ ಪೀಳಿಗೆಯ ಬೋರ್ಡಿಗೆ ಬೇಡಿಕೆ ಎಲ್ಲಿದೆ ಅಕ್ಕ ಎಂದ. ಎಫ್ ಕೀ ಕೆಲಸ ಮಾಡಲ್ಲ ಎಂದೆ. "ಎಫ್ ಯಾರಿಗೆ ಬೇಕು?" ಎಂದು ನಕ್ಕ.

ಇವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಲ್ಲಿಯವರೆಗೆ ಸಿಕ್ಕವರಲ್ಲಿ ಎದುರಿಗಿರುವ ವಸ್ತುವನ್ನೇ ನೋಡಿ ಬೆಲೆ ಕಟ್ಟಿದವನು ಇವನೊಬ್ಬ. ಆದರೂ ಕೊಡಲು ಮನಸ್ಸಾಗಲಿಲ್ಲ. ನಡೆಯುವ ಯಂತ್ರವನ್ನು ಬಿಚ್ಚಿ ಹಂಚಲು ಯಾಕೆ ಕೊಡಲಿ? ಬರುವಾಗ ಬಿಲ್ಲೆ ಸೆಲ್ ಒಂದು ತಂದೆ. ಮಗ ರಾತ್ರಿ ಕೆಳಭಾಗ ಬಿಚ್ಚಿ ಹಾಕಿದ. ಗಡಿಯಾರ ಈಗ 2025ರಲ್ಲಿ ನಿಂತಿದೆ, ಪಟ್ಟಿಯಲ್ಲಿ ಒಂದು ಸಾಲು ಕಡಿಮೆ.

14 ಅಕ್ಟೋಬರ್, ಮಂಗಳವಾರ

ವಿಂಡೋಸ್ 10ರ ಕೊನೆಯ ದಿನ. ಬೆಳಿಗ್ಗೆ ಆನ್ ಮಾಡಿದರೆ ಎಂದಿನಂತೆ ಬಂತು. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ನೋಂದಾಯಿಸಿದರೆ ಭದ್ರತಾ ಅಪ್‌ಡೇಟು ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆಯಂತೆ. ಜಾಹೀರಾತಿಗೆ ಅದನ್ನೂ ಸೇರಿಸಿದೆ.

ಸಂಜೆ ಬಿಟಿಎಂ ಲೇಔಟಿನಿಂದ ಒಬ್ಬ ಹುಡುಗ ಬಂದ. ಪಿ.ಜಿ.ಯಲ್ಲಿದ್ದು ಕೋಡಿಂಗ್ ಕ್ಲಾಸಿಗೆ ಹೋಗುತ್ತಾನಂತೆ, ಊರು ಹಾವೇರಿ ಕಡೆ. ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಆರ್.ವಿ. ರೋಡಿಗೆ ಬಂದು, ಅಲ್ಲಿ ಬದಲಿಸಿ ಬನಶಂಕರಿಗೆ ಬಂದಿದ್ದ. ಆ ಮಾರ್ಗದಲ್ಲಿ ರೈಲು ಇನ್ನೂ ಕಡಿಮೆ, ಕಾದು ಕಾದು ಸುಸ್ತಾದೆ ಅಕ್ಕ ಎಂದ. ಅತ್ತೆ ಕಾಫಿ ಕೊಟ್ಟರು. ಜೇಬಿನಲ್ಲಿ ದುಡ್ಡು ಎಣಿಸಿ ತಂದಿದ್ದ ಅಂತ ಕಾಣುತ್ತೆ, ಕೈ ಅಲ್ಲೇ ಇತ್ತು.

"ದಿನಾ ಒಯ್ಯಬೇಕೇನಪ್ಪ?"

"ಹೂಂ ಅಕ್ಕ, ಬೆಳಿಗ್ಗೆ ಕ್ಲಾಸು, ಆಮೇಲೆ ಲೈಬ್ರರಿ. ಪಿ.ಜಿ.ಯಾಗ ಪ್ಲಗ್ ಪಾಯಿಂಟು ನಾಲ್ಕು ಮಂದಿಗೆ ಒಂದ ಅದ."

ನಿನಗಿದು ಬೇಡ ಎಂದೆ. ಬ್ಯಾಟರಿ ಇಲ್ಲ, ಹಿಂಜ್ ಇಲ್ಲ. ಹೊಸ ಬ್ಯಾಟರಿ, ಬಾಡಿ, ಕೀಬೋರ್ಡ್ ಹಾಕಿಸುವ ದುಡ್ಡನ್ನು ಇದರ ಬೆಲೆಗೆ ಸೇರಿಸಿದರೆ, ಕಂಪನಿಗಳು ಬಳಸಿ ಬಿಟ್ಟ ಎಂಟನೇ ಪೀಳಿಗೆಯದೊಂದು ಅಂಗಡಿಯ ವಾರಂಟಿ ಜೊತೆ ಸಿಗುವ ಹತ್ತಿರ ಬರುತ್ತದೆ, ಅದಕ್ಕೆ ವಿಂಡೋಸ್ 11 ಕೂಡ ನಡೆಯುತ್ತದೆ. ಎಸ್.ಪಿ. ರೋಡಿನ ಮೂರು ಅಂಗಡಿ ಹೆಸರು ಬರೆದುಕೊಟ್ಟೆ. ಅವನ ಮುಖದಲ್ಲಿ ಸಮಾಧಾನವೂ ಬೇಸರವೂ. ಹೋದಮೇಲೆ ಇವರು, "ಗಿರಾಕೀನ ಓಡಿಸೋ ಅಂಗಡಿ ಮೊದಲ ಸಲ ನೋಡಿದೆ" ಎಂದರು.

19 ಅಕ್ಟೋಬರ್, ಭಾನುವಾರ

ನೀರು ತುಂಬುವ ಹಬ್ಬ. ಅತ್ತೆ ಹಂಡೆ ತೊಳೆದು ನೀರು ತುಂಬಿಸುತ್ತಿದ್ದರೆ ನಾನು ಲ್ಯಾಪ್‌ಟಾಪ್ ಖಾಲಿ ಮಾಡುತ್ತಿದ್ದೆ. ಬರೀ ಡಿಲೀಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದು ಪುಟಗಳನ್ನು ಹಾಗೇ ಬಿಟ್ಟಂತೆ. ತಿಳಿದವರು ತೆಗೆದು ಓದಲೂಬಹುದು. ಇದರಲ್ಲಿರುವುದು ನನ್ನ ಗುಟ್ಟು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಕಾರ್ಡು ಮಾಡಿಸಲು ಬಂದವರ ಮನೆ ವಿಳಾಸ, ಫೋನು, ಒಬ್ಬಿಬ್ಬರ ಆಧಾರ್ ಪ್ರತಿ, ಅಚ್ಚಾಗದೆ ಉಳಿದ ಒಂದು ಆತ್ಮಕಥೆ. ಬೇಕಾದ್ದನ್ನು ಎರಡು ಕಡೆ ಪ್ರತಿ ಮಾಡಿಕೊಂಡೆ. ಹಳೆಯ ನುಡಿ ಫೈಲುಗಳು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚು. ಅವನ್ನು ಪರಿವರ್ತಿಸುವುದು ಇನ್ನೊಂದು ತಿಂಗಳ ಕೆಲಸ, ಇರಲಿ.

ಆಮೇಲೆ ಖಾತೆಗಳಿಂದೆಲ್ಲ ಲಾಗ್‌ಔಟ್ ಆಗಿ, ಡ್ರೈವ್ ಪೂರ್ತಿ ಅಳಿಸುವ ಆಯ್ಕೆ ಕೊಟ್ಟು ರೀಸೆಟ್ ಮಾಡಿದೆ. ಹೊಸದಾಗಿ ಎದ್ದು ನಿಂತಾಗ ವಿಂಡೋಸ್ ಲೈಸೆನ್ಸ್ ತಾನಾಗೇ ಬಂತು. ಅದು ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ, ಕೊಂಡವರಿಗೂ ದಕ್ಕುತ್ತದೆ.

26 ಅಕ್ಟೋಬರ್, ಭಾನುವಾರ

ಮಾರಾಟವಾಯಿತು.

ಕೊಂಡವರು ಜೆ.ಪಿ. ನಗರದಲ್ಲಿ ಸಾರಕ್ಕಿ ಕಡೆ ಜೆರಾಕ್ಸ್ ಅಂಗಡಿ ಇಟ್ಟಿರುವವರು. ನಡುವಯಸ್ಸು, ಕಿವಿಯ ಮೇಲೆ ಪೆನ್ನು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನೂ ಪಕ್ಕದಲ್ಲಿ ಪಟ್ಟಿಯನ್ನೂ ಇಟ್ಟು, ಒಂದೊಂದೇ ತೋರಿಸುತ್ತಾ ಹೋದೆ. ಹಿಂಜ್ ಅಲ್ಲಾಡಿಸಿ ತೋರಿಸಿದೆ. ಚಾರ್ಜರ್ ಕಿತ್ತು ಬ್ಯಾಟರಿ ಇಳಿಯುವುದನ್ನು ತೋರಿಸಿದೆ. ಅವರು ಪ್ರತಿಯೊಂದಕ್ಕೂ "ಛೆ ಛೆ" ಎಂದು ಗಲ್ಲ ಕೆರೆದುಕೊಂಡು ಬೆಲೆ ಇಳಿಸುತ್ತಾ ಬಂದರು. ಹಿಂಜಿಗೆ ಸಾವಿರ, ಬ್ಯಾಟರಿಗೆ ಸಾವಿರ, ಗೆರೆಗೆ ಐನೂರು, ಕೀಬೋರ್ಡಿಗೆ ಐನೂರು.

ಎಲ್ಲಿ ಇಡ್ತೀರಿ ಸಾರ್ ಅಂತ ಸುಮ್ಮನೆ ಕೇಳಿದೆ. ಅಂಗಡಿಯ ಕೌಂಟರ್ ಕೆಳಗಿನ ಹಲಗೆಯ ಮೇಲಂತೆ. ಸೇವಾ ಸಿಂಧು ಅರ್ಜಿ, ಪಹಣಿ, ಈಗ ಇ-ಖಾತಾಗೆ ಬರುವವರೇ ಜಾಸ್ತಿ. ಹೊರಗಿನ ಮಾನಿಟರ್ ಇದೆ, ಹೊರಗಿನ ಕೀಬೋರ್ಡ್ ಇದೆ, ಯುಪಿಎಸ್ ಇದೆ. ಇದ್ದ ಕಂಪ್ಯೂಟರ್ ಹೋದ ವಾರ ಕೈಕೊಟ್ಟಿತು.

ಅಲ್ಲಿಗೆ ನಾನು ಪಟ್ಟಿ ಮಡಚಿದೆ. ಮಾನಿಟರ್ ಇದ್ದವರಿಗೆ ಗೆರೆಯೆಲ್ಲಿ? ಯುಪಿಎಸ್ ಇದ್ದವರಿಗೆ ಬ್ಯಾಟರಿ ಯಾಕೆ? ಹಲಗೆಯಡಿ ಮುಚ್ಚಿಟ್ಟದ್ದರ ಹಿಂಜನ್ನು ಯಾರು ತೆರೆಯುತ್ತಾರೆ? ಎಫ್ ಕೀ ಕೂಡ ಹೊರಗಿನ ಕೀಬೋರ್ಡಿನದೇ. ನನಗೂ ಆ ಹಾವೇರಿ ಹುಡುಗನಿಗೂ ಕಾಲು ಕಟ್ಟಿಹಾಕುವ ದೋಷಗಳು ಇವರ ಅಂಗಡಿಯಲ್ಲಿ ಒಂದೂ ಉಳಿಯುವುದಿಲ್ಲ. ಇವರಿಗೆ ಬೇಕಾದ್ದು ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಮೂರೂ ಚೆನ್ನಾಗಿವೆ. ಅದು ಬಂದಾಗಿನಿಂದ ಅವರಿಗೆ ಗೊತ್ತು, ಛೆ ಛೆ ಎನ್ನುತ್ತಾ ಕೂತಿದ್ದಾರೆ.

"ಸಾರ್, ನಿಮಗೆ ತೊಂದರೆ ಕೊಡೋ ದೋಷಕ್ಕೆ ಮಾತ್ರ ದುಡ್ಡು ಕಳೆಯಿರಿ," ಎಂದೆ.

ನಕ್ಕುಬಿಟ್ಟರು. ಅಲ್ಲಿಂದ ಮಾತು ಸಲೀಸಾಯಿತು. ಆರು ಸಾವಿರಕ್ಕೆ ನಿಂತಿತು. ದುಡ್ಡು ತೆಗೆಯುವ ಮುಂಚೆ ಫೋನು ಕೈಯಲ್ಲಿ ಹಿಡಿದು, "ಪಟ್ಟಿಯಲ್ಲಿರೋದು ಬಿಟ್ಟು ಇನ್ನೇನೂ ಇಲ್ವಲ್ಲ ಮೇಡಂ? ನೀವು ಸುಮ್ಮನಿದ್ರೆ ಇಲ್ಲ ಅಂತಾನೇ ತಿಳ್ಕೋತೀನಿ" ಎಂದರು.

ವಕೀಲರ ಕುದುರೆ ನಮ್ಮ ಊಟದ ಮನೆಗೇ ಬಂತು. ಕ್ಷಣ ಯೋಚಿಸಿ ಹೇಳಿದೆ: ಬರಿಗಾಲಲ್ಲಿ ನಿಂತು ಚಾರ್ಜರ್ ಹಾಕಿದಾಗ ಸ್ಕ್ರೂ ತಲೆ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತದೆ. ಎರಡು ಪಿನ್ನಿನ ಚಾರ್ಜರು, ಅರ್ಥ್ ಇಲ್ಲ. ಅಂಥವುಗಳಲ್ಲಿ ಚೂರು ಸೋರಿಕೆ ಇರುತ್ತದೆ. ಅದನ್ನು ಲ್ಯಾಪ್‌ಟಾಪಿನ ಲೆಕ್ಕಕ್ಕೆ ನಾನು ಹಿಡಿದೇ ಇರಲಿಲ್ಲ. "ಅಯ್ಯೋ, ನಮ್ಮ ಜೆರಾಕ್ಸ್ ಮಿಷಿನ್ ಅದಕ್ಕಿಂತ ಜೋರಾಗಿ ಹೊಡೆಯುತ್ತೆ ಬಿಡಿ," ಎಂದವರು ಇನ್ನೂರು ಕಳೆದೇ ಕಳೆದರು. 5,800.

ಸೀರಿಯಲ್ ನಂಬರ್, ತಾರೀಖು, ದೋಷಗಳ ಪಟ್ಟಿ ಎಲ್ಲ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹಳೇ ಬಿಲ್ಲನ್ನೂ ಕೊಟ್ಟೆ. ಕದ್ದ ಮಾಲಲ್ಲ ಅನ್ನುವುದಕ್ಕೆ ಅವರ ಹತ್ತಿರ ಏನಾದರೂ ಇರಬೇಕಲ್ಲ. ದುಡ್ಡು ಯುಪಿಐನಲ್ಲಿ ಬಂತು. ಪಿನ್ ಒತ್ತಿದ್ದು ಅವರು.

3 ನವೆಂಬರ್, ಸೋಮವಾರ

ಜೆರಾಕ್ಸ್ ಅಂಗಡಿಯವರ ಫೋನು. ಗಾಬರಿಯಾಯಿತು. ಯಂತ್ರ ಚೆನ್ನಾಗಿದೆಯಂತೆ, ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದು ಹೇಗೆ ಅಂತ ಕೇಳಲು ಮಾಡಿದ್ದು. ಹೇಳಿಕೊಟ್ಟೆ. ಹತ್ತು ನಿಮಿಷ ಹಿಡಿಯಿತು, ಆ ಕಡೆ ಯಾರೋ ಇ-ಖಾತಾದವರು ಬೇಗ ಬೇಗ ಎನ್ನುತ್ತಿದ್ದರು.

ಸಂಜೆ ಮೇಲಿನ ಮನೆ ವಕೀಲರು ಮೆಟ್ಟಿಲಿಳಿದು ಬಂದರು. ಕೋರ್ಟಿನ ಕಾಲದ ಲೇಸರ್ ಪ್ರಿಂಟರ್ ಒಂದನ್ನು ಮಾರಬೇಕಂತೆ, ಜಾಹೀರಾತು ನಾನೇ ಬರೆದುಕೊಡಬೇಕಂತೆ. ಏನೇನು ತೊಂದರೆ ಇದೆ ಅಂಕಲ್ ಎಂದೆ.

"ತೊಂದರೆ ಯಾಕೆ ಬರೀತೀಯ? ಕೇಳಿದರೆ ಹೇಳಿದರಾಯ್ತು."

"ನಾನೀಗ ಕೇಳ್ತಾ ಇದ್ದೀನಲ್ಲ."

ಸ್ವಲ್ಪ ಹೊತ್ತು ಮೀಸೆ ತಿರುವಿದರು. ಒಂದು ಕೊಟ್ಟರೆ ಎರಡೆರಡು ಹಾಳೆ ಎಳೆಯುತ್ತದಂತೆ, ಪುಟದ ಎಡಗಡೆ ಮಸುಕಂತೆ, ಟೋನರ್ ಸಿಗುವುದಿಲ್ಲವಂತೆ. ಬರೆದುಕೊಂಡೆ. 1,200 ಅಂತ ಹಾಕಿದೆ. ಎರಡು ಸಾವಿರ ಹಾಕು ಎಂದು ಪಟ್ಟು ಹಿಡಿದಿದ್ದಾರೆ, ನಾಳೆ ನೋಡೋಣ.